ಧಾರವಾಡದ ರೊಟ್ಟಿ ಬುಟ್ಟಿ

ಪ್ರವಾಸವೆಂದರೆ ಬೇಲೂರು-ಹಳೇಬೀಡು, ಜೋಗ, ಧರ್ಮಸ್ಥಳ ಎಂದೇ ತಿಳಿದಿದ್ದವಳು ನಾನು. ಹೋಗಿ ಬಂದವರೆಲ್ಲ ಶಿಲಾಬಾಲಿಕೆಯರ ಚೆಲುವನ್ನೋ ಜಲಪಾತದ ಭೋರ್ಗರೆತವನ್ನೋ ವರ್ಣಿಸುತ್ತಾರೆ. ನಾನೀಗ ಬರೆಯಹೊರಟಿರುವುದು ಒಂದು ಊರಿನ ರಾತ್ರಿಯೂಟದ ವಿಚಾರ. "ಇದೂ ಒಂದು ಪ್ರವಾಸವೇ?" ಎಂದು ನಗಬೇಡಿ, ಸೋದರಿಯರೇ. ಹತ್ತು ದಿನ ಧಾರವಾಡದಲ್ಲಿದ್ದು ನಾನು ನೋಡಿದ್ದು ಮುಖ್ಯವಾಗಿ ಒಂದು ಅಡುಗೆಮನೆಯನ್ನು. ಆದರೆ ಅಷ್ಟು ದೂರ ಹೋಗಿ ಬಂದದ್ದಕ್ಕೆ ನನಗೆ ದಕ್ಕಿದ್ದು ಕಡಿಮೆಯೇನಲ್ಲ.

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಧಾರವಾಡಕ್ಕೆ ಕೊಟ್ಟ ನಮ್ಮ ಮಗಳು ರಾತ್ರಿ ಫೋನು ಮಾಡಿದಳು. ಅವಳು ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾಳೆ. ಅಳಿಯಂದಿರು ಕಾಲೇಜಿನಲ್ಲಿ ಉಪನ್ಯಾಸಕರು. ಆರು ವರ್ಷದ ಮೊಮ್ಮಗಳಿದ್ದಾಳೆ, ಜೊತೆಗೆ ನಮ್ಮ ಬೀಗಿತಿ.

"ಅಮ್ಮಾ, ಏಪ್ರಿಲ್‌ಗೆ ಕೆಲಸ ಬಿಟ್ಟುಬಿಡೋಣ ಅಂತಿದ್ದೀನಿ" ಅಂದಳು. "ಮನೆಗೆ ಬರೋದೇ ಏಳೂಕಾಲು. ಅಡುಗೆ ಮುಗಿಸೋ ಹೊತ್ತಿಗೆ ಪುಟ್ಟಿ ತೂಕಡಿಸ್ತಿರ್ತಾಳೆ. ನನ್ನ ಕೈಲಿ ಆಗ್ತಿಲ್ಲ."

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸರಿ ಎನಿಸಿತು. ಸಂಸಾರ ಮುಖ್ಯ ತಾನೆ? ಆದರೆ ನಮ್ಮ ಯಜಮಾನರು, "ಹನ್ನೊಂದು ವರ್ಷದ ಸರ್ವೀಸು. ಫೋನಿನಲ್ಲಿ ತೀರ್ಮಾನ ಮಾಡೋ ವಿಷಯ ಅಲ್ಲ. ಹೋಗಿ ನೋಡ್ಕೊಂಡು ಬಾ" ಅಂದರು.

"ನಿಮ್ಮ ಊಟಕ್ಕೆ?"

"ಹತ್ತು ದಿನ ತಾನೆ? ಹೋಟ್ಲಿದೆ."

ಹಾಗೆ ಹೊರಟೆ. ನಮ್ಮದು ತಿಪಟೂರು. ಬರಿಗೈಯಲ್ಲಿ ಹೋಗುವುದುಂಟೇ? ಒಂದು ಚೀಲದಲ್ಲಿ ಹತ್ತು ತೆಂಗಿನಕಾಯಿ, ಕೊಬ್ಬರಿ ಬಟ್ಟಲು, ಇನ್ನೊಂದರಲ್ಲಿ ಮೂರು ಕಿಲೋ ರಾಗಿಹಿಟ್ಟು, ಮನೆಯ ಸಾರಿನ ಪುಡಿ. ಕೆಲಸ ಮಾಡುವ ಮನೆಯಲ್ಲಿ ಒಂದು ಬಿಸಿ ಊಟ ಹೇಗೆ ಮಾಡಬೇಕೆಂದು ಹತ್ತು ದಿನ ತೋರಿಸಿಕೊಟ್ಟು ಬರೋಣ ಎಂಬ ಹಮ್ಮೂ ಆ ಚೀಲದಲ್ಲೇ ಇತ್ತು!

ತೆಂಗಿನ ನಾಡಿನಿಂದ ಜೋಳದ ನಾಡಿಗೆ

ರೈಲಿನ ಕಿಟಕಿಯ ಪಕ್ಕ ಕೂತರೆ ನಮ್ಮ ಅಡುಗೆ ಯಾಕೆ ಹೀಗೆ, ಅವರ ಅಡುಗೆ ಯಾಕೆ ಹಾಗೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಅರಸೀಕೆರೆ, ಕಡೂರಿನವರೆಗೆ ತೆಂಗಿನ ತೋಟಗಳು ಜೊತೆಗೇ ಬರುತ್ತವೆ. ಬೀರೂರು ದಾಟಿ ಚಿಕ್ಕಜಾಜೂರಿನ ಕಡೆ ಹೋದಂತೆ ತೋಟ ತೆಳುವಾಗುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ವಾಸನೆ. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದ ಮೇಲೆ ಮಾತಿನ ಧಾಟಿಯೂ ಬದಲಾಗುತ್ತದೆ. ಬ್ಯಾಡಗಿ ಬಂದಾಗ ಎದುರು ಕೂತಿದ್ದ ಹೆಂಗಸು, "ಮೆಣಸಿನಕಾಯಿ ಊರು ನೋಡ್ರಿ ಇದು. ಬಣ್ಣಾ ಭಾಳ, ಖಾರ ಕಡಿಮಿ" ಅಂದರು. ಹಾವೇರಿ ಕಳೆದ ಮೇಲೆ ಎರೆಭೂಮಿ. ಕಪ್ಪು ಮಣ್ಣಿನಲ್ಲಿ ಬಿಳಿಜೋಳದ ತೆನೆ ತೂಗುತ್ತಿತ್ತು. ಹಿಂಗಾರಿಯ ಜೋಳಕ್ಕೆ ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ತೇವವೇ ಸಾಕಂತೆ. ತೆಂಗಿನಮರವಿಲ್ಲದ ಕಡೆ ಕಾಯಿತುರಿ ಎಲ್ಲಿಂದ ಬರಬೇಕು? ಅಲ್ಲಿ ಶೇಂಗಾ, ಅಗಸೆ, ಗುರೆಳ್ಳು ಆ ಜಾಗ ತುಂಬಿವೆ.

ಹುಬ್ಬಳ್ಳಿಯಲ್ಲಿ ಇಳಿದರೆ ಪ್ಲಾಟ್‌ಫಾರ್ಮ್ ಮುಗಿಯುವುದೇ ಇಲ್ಲ! 2023ರಲ್ಲಿ ಉದ್ಘಾಟನೆಯಾದ ಇಲ್ಲಿನ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್. ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರಾಗಿದೆ. ಎರಡು ಚೀಲ ಹೊತ್ತ ನನಗೆ ಆ ಹೆಮ್ಮೆ ಹೆಗಲಿಗೇ ತಗುಲಿತು. ಮಗಳು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅಲ್ಲಿಂದ ಧಾರವಾಡಕ್ಕೆ 'ಚಿಗರಿ' ಬಸ್ಸು. ಚಿಗರಿಯೆಂದರೆ ಅವರ ಕಡೆಯ ಮಾತಿನಲ್ಲಿ ಜಿಂಕೆ. ರಸ್ತೆಯ ನಡುವೆ ತನಗೆಂದೇ ಬಿಟ್ಟ ದಾರಿಯಲ್ಲಿ 2018ರಿಂದ ಓಡಾಡುತ್ತಿದೆ. ಎರಡೂ ಊರು ಸೇರಿಸಿ 1962ರಲ್ಲಿ ಒಂದೇ ನಗರಪಾಲಿಕೆ ಮಾಡಿದ್ದರು. ನಡುವೆ ಸುಮಾರು 20 ಕಿಲೋಮೀಟರ್. ನವಲೂರಿನ ಹತ್ತಿರ, "ಇಲ್ಲಿ ಸೀಬೇಹಣ್ಣು ತುಂಬ ಚೆನ್ನಾಗಿರುತ್ತೆ ಅಮ್ಮ. ಇವರು ಪೇರಲ ಅಂತಾರೆ" ಎಂದು ಮಗಳು ತೋರಿಸಿದಳು. ಈ ದಾರಿಯನ್ನು ಅವಳು ದಿನಕ್ಕೆ ಎರಡು ಸಲ ಸವೆಸುತ್ತಾಳೆ. ಅಂದು ಸೀಟು ಸಿಕ್ಕಿತ್ತು. ಕೂತ ಐದೇ ನಿಮಿಷಕ್ಕೆ ನನ್ನ ಹೆಗಲಿಗೊರಗಿ ನಿದ್ದೆ ಹೋದಳು.

ನನ್ನ ಬಿಸಿ ಊಟ

ಮರುದಿನ ಸಂಜೆಯೇ ನಾನು ಸೀರೆಯ ಸೆರಗು ಸಿಕ್ಕಿಸಿ ನಿಂತೆ. ಸಪ್ತಾಪುರದ ಆ ಮನೆಯ ಅಡುಗೆಕೋಣೆ ಚಿಕ್ಕದು, ಆದರೆ ಚೊಕ್ಕಟ. "ಇವತ್ತು ಯಾರೂ ಏನೂ ಮಾಡಬೇಡಿ. ರಾಗಿಮುದ್ದೆ, ಬಸ್ಸಾರು, ಪಲ್ಯ, ಅನ್ನ" ಎಂದು ಘೋಷಿಸಿದೆ. ಬೀಗಿತಿಯವರು, "ಆತಲ್ಲ್ರೀ, ತಿಪಟೂರಿನ ಊಟಾ ಉಣ್ಣೂಣು" ಎಂದು ನಕ್ಕರು.

ಸೊಪ್ಪು ಬಿಡಿಸಿ, ತೊಳೆದು, ಬೇಳೆಯೊಂದಿಗೆ ಬೇಯಿಸಿ, ಬಸಿದು, ಕಾಯಿ ತುರಿದು, ಮಸಾಲೆ ಹುರಿದು ರುಬ್ಬುವ ಹೊತ್ತಿಗೆ ಏಳೂವರೆ. ತುರಿಯುವ ಮಣೆ ಆ ಮನೆಯಲ್ಲಿ ಮೂಲೆ ಸೇರಿತ್ತು. ಮುದ್ದೆಗೆ ಎಸರಿಟ್ಟಾಗ ಮಗಳು ಬಂದಳು. ಚಪ್ಪಲಿ ಬಿಟ್ಟವಳೇ ಕೈತೊಳೆದು ನನ್ನ ಜೊತೆ ನಿಂತಳು. "ಕೂತ್ಕೋ" ಅಂದರೂ ಕೂರಲಿಲ್ಲ. ಎಲ್ಲ ಮುಗಿದು ತಟ್ಟೆ ಹಾಕುವಾಗ ಒಂಬತ್ತೂಕಾಲು.

ಪುಟ್ಟಿಯನ್ನು ಕರೆಯಲು ಹೋದೆ. ಮಗು ಹೋಂವರ್ಕಿನ ಪುಸ್ತಕದ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಿತ್ತು. ಎಬ್ಬಿಸಿದರೆ ಅಳು. ಒಂದು ತುತ್ತೂ ಒಳಗೆ ಹೋಗಲಿಲ್ಲ. ಒಂದು ಲೋಟ ಹಾಲು ಕುಡಿಸುವುದೇ ಸಾಹಸವಾಯಿತು. ನನ್ನ ಬಸ್ಸಾರು ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ನನಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ.

ಅಟ್ಟದ ಮೇಲಿನ ಬುಟ್ಟಿ

ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಬೀಗಿತಿ ನನ್ನನ್ನು ಅಡುಗೆಮನೆಗೆ ಕರೆದರು.

"ಅಕ್ಕಾರ, ಆ ಅಟ್ಟದ ಮ್ಯಾಲಿಂದು ಬುಟ್ಟಿ ಇಳಸ್ರಿ. ನನ್ನ ಕೈಲೆ ಆಗೂದಿಲ್ಲ."

ಅವರ ಬೆರಳಿನ ಗಿಣ್ಣುಗಳು ಸಂಧಿವಾತದಿಂದ ಊದಿಕೊಂಡಿವೆ. ನಲವತ್ತು ವರ್ಷ ಮನೆಮಂದಿಗೆಲ್ಲ ರೊಟ್ಟಿ ಬಡಿದ ಕೈಗಳವು. ಒಂದೂವರೆ ವರ್ಷದಿಂದ ಹಿಟ್ಟು ನಾದಲು ಆಗುತ್ತಿಲ್ಲ.

ಬುಟ್ಟಿ ಇಳಿಸಿ ಬಿಳಿ ಬಟ್ಟೆ ಸರಿಸಿದೆ. ಒಳಗೆ ಮೂವತ್ತು-ನಲವತ್ತು ಖಡಕ್ ರೊಟ್ಟಿ! ಹುಣ್ಣಿಮೆ ಚಂದ್ರನಂತೆ ದುಂಡಗೆ, ಹಪ್ಪಳದಂತೆ ಗರಿಗರಿ.

"ಕೊಂಡದ್ದು" ಅಂದರು ಬೀಗಿತಿ. "ಹಿಂದಿನ ಓಣಿಯಾಗ ಒಬ್ಬಾಕಿ ಮಾಡಿ ಕೊಡ್ತಾಳ. ನೀವು ಬರ್ತೀರಂತ ನಿಮ್ಮ ಮಗಳು ಮ್ಯಾಲ ಮುಚ್ಚಿ ಇಟ್ಟಾಳ. ಕೊಂಡ ರೊಟ್ಟಿ ತಿಂತೀವಂತ ಗೊತ್ತಾದ್ರ ಅಮ್ಮ ಏನಂದಾಳು ಅಂತ ಆಕೀಗೆ ಅಂಜಿಕಿ."

ನಾನು ಬುಟ್ಟಿ ಹಿಡಿದುಕೊಂಡೇ ನಿಂತೆ.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ನೀವು ದಿನಾ ರಾತ್ರಿ ಫೋನ್ ಮಾಡಿ 'ಏನ್ ಅಡುಗೆ ಮಾಡಿದೆ?' ಅಂತ ಕೇಳ್ತೀರಲ್ಲ, ರೊಟ್ಟಿ-ಹಿಂಡಿ ಉಂಡ್ವಿ ಅನ್ನಾಕ ಆಕೀಗೆ ನಾಚಿಕಿ. ಅದಕ್ಕ ಬ್ಯಾಂಕಿನಿಂದ ಬಂದು ಚಪಾತಿ, ಪಲ್ಯಾ, ಸಾರು ಅಂತ ನಿಂತಬಿಡ್ತಾಳ. ನಾ ಬ್ಯಾಡ ಅಂದ್ರ ಕೇಳೂದಿಲ್ಲ."

ಹೌದು, ಸೋದರಿಯರೇ, ನಾನು ದಿನಾ ಹಾಗೇ ಕೇಳುತ್ತಿದ್ದೆ. ಪ್ರೀತಿಯಿಂದಲೇ ಕೇಳುತ್ತಿದ್ದೆ. ಅದು ಅವಳ ಮಟ್ಟಿಗೆ ದಿನದಿನದ ಪರೀಕ್ಷೆಯಾಗಿದ್ದೀತು ಎಂದು ನನಗೆ ಹೊಳೆದಿರಲೇ ಇಲ್ಲ. ದೂರದೂರಿನಲ್ಲಿ ಕುಳಿತು ಮಗಳನ್ನು ಒಲೆಯ ಮುಂದೆ ನಿಲ್ಲಿಸಿದವಳು ನಾನೇ.

ಅಂದು ರಾತ್ರಿ ಬುಟ್ಟಿ ಊಟದ ಮೇಜಿನ ನಡುವೆಯೇ ಕೂತಿತು. ಒಳಗೆ ಬಂದ ಮಗಳು ಅದನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಆಮೇಲೆ ನನ್ನನ್ನು. "ನಾನೇ ಇಳಿಸಿದೆ ಕಣೆ" ಅಂದೆ. ಅವಳು ಏನೂ ಹೇಳದೆ ಕೈಕಾಲು ತೊಳೆಯಲು ಹೋದಳು. ಹೋದವಳು ತುಸು ಹೊತ್ತು ಬಿಟ್ಟೇ ಬಂದಳು.

ಎಂಟು ಗಂಟೆಗೆ ತಟ್ಟೆ

ಆ ರಾತ್ರಿಯ ಊಟದ ಲೆಕ್ಕ ಕೇಳಿ. ಐದೂವರೆಗೆ ಮನೆಗೆ ಬರುವ ಅಳಿಯಂದಿರಿಗೆ ಅವರ ತಾಯಿಯೇ ಅಪ್ಪಣೆ ಕೊಟ್ಟರು: "ಮೊದಲ ಮನಿಗೆ ಬರಾಂವ ನೀನು. ಕುಕ್ಕರಿನ್ಯಾಗ ಅನ್ನಕ್ಕಿಡು. ಉಳ್ಳಾಗಡ್ಡಿ, ಸವತಿಕಾಯಿ ಹೆಚ್ಚಿಡು." ನನ್ನ ಕಡೆ ತಿರುಗಿ, "ಇವನ್ನ ಕೂಡ್ರಿಸಿ ಉಣಿಸಿ ಬೆಳಸ್ದಾಕಿ ನಾನ. ತಪ್ಪು ನಂದು. ಈಗ ತಿದ್ದಾಕತ್ತೀನಿ" ಅಂದರು. ಅಳಿಯಂದಿರು ಹೆಚ್ಚಿದ ಈರುಳ್ಳಿ ದಪ್ಪದಪ್ಪವಾಗಿತ್ತು. ಅದಕ್ಕೇನು, ರುಚಿ ಕೆಡಲಿಲ್ಲ.

ಏಳೂಕಾಲಿಗೆ ಬಂದ ಮಗಳು ಒಲೆಯ ಮುಂದೆ ನಿಂತದ್ದು ಹದಿನೈದೇ ನಿಮಿಷ. ಮಾಡಿದ್ದು ಜುಣಕ. ಎಂಟಕ್ಕೆ ಸರಿಯಾಗಿ ಎಲ್ಲರ ತಟ್ಟೆಯಲ್ಲಿ ಖಡಕ್ ರೊಟ್ಟಿ, ಜುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ, ಎಳೆಯ ಮೂಲಂಗಿ, ಹಕ್ಕರಿಕೆ ಸೊಪ್ಪು. ಕೊನೆಗೆ ಒಂದಿಷ್ಟು ಮಜ್ಜಿಗೆ ಅನ್ನ. ಪುಟ್ಟಿ ರೊಟ್ಟಿ ಮುರಿಯುವ ಸದ್ದಿಗೇ ನಗುತ್ತ ಒಂದು ಪೂರ್ತಿ ತಿಂದಳು. ಎಂಟೂವರೆಗೆ ಅಡುಗೆಮನೆಯ ದೀಪ ಆರಿತು. ತಾಯಿ-ಮಗಳು ಕೂತು ಮಗ್ಗಿ ಹೇಳಿಕೊಂಡರು.

ಇದು ಬಡ ಊಟವೆಂದು ತಿಳಿಯಬೇಡಿ. ಜೋಳದಂಥ ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಸಸಾರಜನಕದ ಅಂಶ ಕಡಲೆ, ಹೆಸರು, ಮಡಿಕೆಕಾಳುಗಳಲ್ಲಿ ಧಾರಾಳವಾಗಿದೆ. ರೊಟ್ಟಿಯ ಜೊತೆ ಕಾಳು, ಹಸಿ ಸೊಪ್ಪು, ಮೊಸರು ಸೇರಿದರೆ ಊಟ ತುಂಬಿತು. ವಿಶ್ವಸಂಸ್ಥೆ 2023ನೇ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿ ಜೋಳ, ರಾಗಿ, ಸಜ್ಜೆಗಳನ್ನು ಜಗತ್ತಿಗೆಲ್ಲ ಹೊಗಳಿತು. ಧಾರವಾಡದ ಅವ್ವಂದಿರು ಅದನ್ನು ಯಾವಾಗಲೋ ಬುಟ್ಟಿಯಲ್ಲಿ ಇಟ್ಟುಕೊಂಡಿದ್ದರು!

ರೊಟ್ಟಿ ಮಾಡುವಾಕೆಯ ಮನೆಯಲ್ಲಿ

ಬುಟ್ಟಿಯ ಮೂಲ ನೋಡಬೇಕೆಂಬ ಆಸೆಯಾಯಿತು. ಬೀಗಿತಿ ಹಿಂದಿನ ಓಣಿಗೆ ಕರೆದೊಯ್ದರು. ಒಂದೇ ಕೋಣೆ, ಎರಡು ಒಲೆ, ಎರಡು ಹಂಚು. ಮನೆಯಾಕೆಗೆ ನಲವತ್ತೈದು ಇದ್ದೀತು.

ಜೋಳದ ಹಿಟ್ಟಿಗೆ ಗೋಧಿಯಂತೆ ಅಂಟಿನ ಗುಣವಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ, ಬಿಸಿ ತಡೆಯುವಷ್ಟಾದ ಕೂಡಲೇ ಅಂಗೈಯ ಬುಡದಿಂದ ಚೆನ್ನಾಗಿ ನಾದಬೇಕು. ನಾದಿದ್ದು ಕಡಿಮೆಯಾದರೆ ಅಂಚು ಬಿರಿಯುತ್ತದೆ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಆಕೆ ಬಡಿಯತೊಡಗಿದರೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಅದು ಆರುತ್ತಲೇ ಮಗುಚಿ, ಬಟ್ಟೆಯಿಂದ ಒತ್ತಿದರೆ ಬುಸ್ಸೆಂದು ಉಬ್ಬುತ್ತದೆ. ಆಗಲೇ ತಿಂದರೆ ಬಿಸಿ ರೊಟ್ಟಿ. ಖಡಕ್ ಆಗಬೇಕಾದರೆ ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ನೀರಿನ ಪಸೆಯೆಲ್ಲ ಹೋಗುವವರೆಗೆ ಕಾಯಿಸಬೇಕು. ಪಸೆ ಇಲ್ಲದಿರುವುದರಿಂದಲೇ ಅದು ಬೂಸು ಹಿಡಿಯದೆ ವಾರಗಟ್ಟಲೆ ಉಳಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಗಾಳಿಯಾಡದ ಡಬ್ಬ ಬೇಕು.

ಆಕೆ ಬೆಳಗಿನ ನಾಲ್ಕೂವರೆಗೆ ಎದ್ದು ಹಂಚು ಕಾಯಿಸುತ್ತಾಳೆ. ದಿನಕ್ಕೆ ನೂರಕ್ಕೂ ಹೆಚ್ಚು ರೊಟ್ಟಿ. ನೌಕರಿಯವರ ಮನೆಗಳು, ಓದುವ ಹುಡುಗರ ಕೋಣೆಗಳು, ಎರಡು ಖಾನಾವಳಿ, ಎಲ್ಲೆಡೆ ಹೋಗುತ್ತವೆ. ಮುಂಗೈಯಲ್ಲಿ ಸುಟ್ಟ ಗುರುತುಗಳು.

ಹೆಂಗಸರ ಚಾಳಿ ನೋಡಿ, ನಾನು ಕೇಳಿಯೇಬಿಟ್ಟೆ: "ನಿಮ್ಮನೇಲಿ ರಾತ್ರಿಗೆ ಏನಮ್ಮಾ ಮಾಡ್ತೀರಿ?"

ಆಕೆ ನಕ್ಕಳು. "ಅನ್ನಾ-ಸಾರ್ರೀ ಅವ್ವಾರ. ನನ್ನ ಮಗಾ ಮಾಡ್ತಾನ. ದಿನಾ ನೂರು ರೊಟ್ಟಿ ಬಡದ ಮ್ಯಾಲ ಮನೀಗಂತ ಮತ್ತ ನಾಕು ಬಡಿಯಾಕ ಕೈ ಏಳೂದಿಲ್ಲರಿ."

ನನ್ನ ಮಗಳ ಎಂಟು ಗಂಟೆಯ ಊಟ ಸುಲಭವಾದದ್ದು ಮಂತ್ರದಿಂದಲ್ಲ. ಯಾರೋ ಒಬ್ಬಳು ನಾಲ್ಕೂವರೆಗೆ ಎದ್ದಿದ್ದಾಳೆ. ಅಂದಿನಿಂದ ಬೀಗಿತಿ ನನಗೆ ಹೇಳಿದ ಮಾತನ್ನು ನಾನು ಪಾಲಿಸುತ್ತೇನೆ: ಇಂಥವರ ಹತ್ತಿರ ಒಂದೊಂದು ರೂಪಾಯಿಗೆ ಚೌಕಾಸಿ ಮಾಡಬಾರದು, ಸಾಲ ಹೇಳಬಾರದು.

ಭಾನುವಾರದ ಸಂತೆ, ವಾರದ ಅಡುಗೆ

ಭಾನುವಾರ ಸುಭಾಷ್ ರಸ್ತೆಯ ಕಡೆ ಮಾರುಕಟ್ಟೆಗೆ ಹೋದೆವು. ಹಳ್ಳಿಯಿಂದ ಬಂದ ಹೆಂಗಸರು ಇಳಕಲ್ ಸೀರೆಯುಟ್ಟು ನೆಲದ ಮೇಲೆ ಸೊಪ್ಪು ಹರಡಿದ್ದರು. ಈರುಳ್ಳಿ ಅಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಳ್ಳೊಳ್ಳಿ, ಹುರಿಗಡಲೆ ಪುಟಾಣಿ, ಕಡಲೇಕಾಯಿ ಶೇಂಗಾ. ಹಿಂದಿರುಗುವಾಗ ಲೈನ್ ಬಜಾರಿನಲ್ಲಿ ಪೇಢೆ ಕೊಳ್ಳದೆ ಬರುವುದುಂಟೇ?

ಮನೆಗೆ ಬಂದು ಮಧ್ಯಾಹ್ನದ ಎರಡು ಗಂಟೆ ಎಲ್ಲರೂ ಕೂತು ವಾರದ ಅಡುಗೆಗೆ ಅಣಿ ಮಾಡಿದರು. ಪುಟ್ಟಿ ಬೆಳ್ಳುಳ್ಳಿ ಸುಲಿದಳು, ಅಳಿಯಂದಿರು ಶೇಂಗಾದ ಸಿಪ್ಪೆ ತೂರಿದರು, ಬೀಗಿತಿ ಕೂತಲ್ಲಿಂದಲೇ ಅಳತೆ ಹೇಳಿದರು. ನಾನು ಬರೆದುಕೊಂಡದ್ದನ್ನು ನಿಮಗೂ ಕೊಡುತ್ತೇನೆ.

ಶೇಂಗಾ ಹಿಂಡಿ: ಎರಡು ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಮಚ ಜೀರಿಗೆ, ಉಪ್ಪು, ಚಿಟಿಕೆ ಬೆಲ್ಲ ಸೇರಿಸಿ ಕುಟ್ಟಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಣಗಿದ ಡಬ್ಬದಲ್ಲಿ ಮೂರು ವಾರ ಇರುತ್ತದೆ. ಗುರೆಳ್ಳು (ನಮ್ಮ ಹುಚ್ಚೆಳ್ಳು), ಅಗಸೆ ಇವುಗಳ ಹಿಂಡಿಯೂ ಹೀಗೆಯೇ.

ಜುಣಕ: ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ ಹಾಕಿ ಬಾಡಿಸಿ. ಅರಿಶಿನ, ಉಪ್ಪು, ಒಂದು ಬಟ್ಟಲು ನೀರು ಹಾಕಿ ಕುದಿಸಿ. ಒಂದು ಬಟ್ಟಲು ಕಡಲೆಹಿಟ್ಟನ್ನು ಇನ್ನೊಂದು ಬಟ್ಟಲು ನೀರಿನಲ್ಲಿ ಗಂಟಿಲ್ಲದೆ ಕಲಸಿ ಅದಕ್ಕೆ ಸುರಿದು ಕೈಯಾಡಿಸುತ್ತಿರಿ. ಗಟ್ಟಿಯಾದ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ. ಕೊತ್ತಂಬರಿ ಉದುರಿಸಿ. ನೀರು ಮೂರು-ಮೂರೂವರೆ ಬಟ್ಟಲು ಮಾಡಿದರೆ ಅದೇ ತೆಳ್ಳನೆಯ ಪಿಟ್ಲವಾಗಿ ಅನ್ನಕ್ಕೂ ಆಗುತ್ತದೆ.

ಮೊಳಕೆ ಮಡಿಕೆಕಾಳಿನ ಪಲ್ಯ: ಶನಿವಾರ ರಾತ್ರಿ ನೆನೆಹಾಕಿ, ಭಾನುವಾರ ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಸೋಮವಾರಕ್ಕೆ ಮೊಳಕೆ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ತಡೆಯುತ್ತದೆ. ಒಗ್ಗರಣೆಗೆ ಹಾಕಿ ಸ್ವಲ್ಪ ನೀರು ಚಿಮುಕಿಸಿ ಮುಚ್ಚಿದರೆ ಕುಕ್ಕರಿನ ಗೊಡವೆಯಿಲ್ಲದೆ ಹತ್ತು ಹನ್ನೆರಡು ನಿಮಿಷಕ್ಕೆ ಬೇಯುತ್ತದೆ. ಇಳಿಸುವಾಗ ಎರಡು ಚಮಚ ಶೇಂಗಾ ಪುಡಿ.

ಒಗ್ಗರಣೆ ರೊಟ್ಟಿ: ಬುಟ್ಟಿಯ ತಳದಲ್ಲಿ ಮುರಿದ ತುಂಡುಗಳು ಉಳಿಯುತ್ತವಲ್ಲ, ಅವನ್ನು ಚೂರು ಮಾಡಿ ಮಜ್ಜಿಗೆ ಚಿಮುಕಿಸಿ ಮೆತ್ತಗಾಗಲು ಬಿಡಿ. ಸಾಸಿವೆ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ ಕಲಸಿದರೆ ಆಯಿತು. ಹತ್ತು ನಿಮಿಷದ ಕೆಲಸ.

ಸುಸಲಾ: ಮಂಡಕ್ಕಿಯನ್ನು (ಅಲ್ಲಿ ಚುರುಮುರಿ) ನೀರಿನಲ್ಲಿ ಅದ್ದಿ ತಕ್ಷಣ ಹಿಂಡಿ ತೆಗೆಯಿರಿ. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಯಲ್ಲಿ ಕಲಸಿ, ಹುರಿಗಡಲೆ ಪುಡಿ ಉದುರಿಸಿ, ನಿಂಬೆ ಹಿಂಡಿ. ತುಂಬ ತಡವಾದ ರಾತ್ರಿಗಳಿಗೆ ಇದೇ ಆಪದ್ಬಂಧು.

ಸೋಮವಾರ ಕಾಳು, ಮಂಗಳವಾರ ಜುಣಕ, ಬುಧವಾರ ಸೊಪ್ಪಿನ ಪಲ್ಯ, ಗುರುವಾರ ಪಿಟ್ಲ-ಅನ್ನ, ಶುಕ್ರವಾರ ಸುಸಲಾ, ಶನಿವಾರ ಒಗ್ಗರಣೆ ರೊಟ್ಟಿ. ಎಣ್ಣೆಗಾಯಿ, ಹೋಳಿಗೆಗಳೆಲ್ಲ ಭಾನುವಾರಕ್ಕೆ. ಈ ಪಟ್ಟಿಯನ್ನು ಪುಟ್ಟಿಯೇ ಬಣ್ಣದ ಪೆನ್ಸಿಲಿನಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು.

ಕೆರೆಯ ದಂಡೆಯಲ್ಲಿ

ಹೊರಡುವ ಹಿಂದಿನ ದಿನ ಸಂಜೆ ಬೀಗಿತಿ, ಮಗಳು, ನಾನು ಸಾಧನಕೇರಿಗೆ ಹೋದೆವು. ವರಕವಿ ಬೇಂದ್ರೆಯವರು ಬಾಳಿದ ಮನೆ ಅಲ್ಲೇ ಇದೆ. ಕೆರೆಯ ಬದಿಯ ಬೆಂಚಿನ ಮೇಲೆ ಕೂತೆವು. ನೀರಿನ ಮೇಲಿಂದ ತಣ್ಣನೆಯ ಗಾಳಿ ಬರುತ್ತಿತ್ತು.

ಬೀಗಿತಿ ಇದ್ದಕ್ಕಿದ್ದಂತೆ, "ಅಕ್ಕಾರ, ನೀವು ನೌಕರಿ ಮಾಡಲಿಲ್ಲೇನು? ಓದೀರಂತ ಕೇಳೀನಿ" ಅಂದರು.

ಯಾರೂ ಇದನ್ನು ನನ್ನಲ್ಲಿ ಕೇಳಿರಲಿಲ್ಲ. 1984ರಲ್ಲಿ ನನಗೆ ಪ್ರಾಥಮಿಕ ಶಾಲೆಯ ಮೇಡಂ ಕೆಲಸಕ್ಕೆ ಆರ್ಡರು ಬಂದಿತ್ತು. ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳಿ. ಸಂಜೆಯ ಬಸ್ಸು ಊರು ಮುಟ್ಟುವಾಗ ಏಳು ಗಂಟೆ. "ರಾತ್ರಿ ಮುದ್ದೆ ಯಾರು ತೊಳಿಸ್ತಾರೆ?" ಎಂದು ನಮ್ಮತ್ತೆ ಕೇಳಿದರು. ಜಗಳವೇನಿಲ್ಲ, ಒಂದೇ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಯಜಮಾನರೂ ಮಾತಾಡಲಿಲ್ಲ. ಆರ್ಡರು ಟ್ರಂಕಿನ ತಳ ಸೇರಿತು.

ಇಷ್ಟು ಹೇಳಿ ಸುಮ್ಮನಾದೆ. ಮಗಳು, "ನೀನು ನನಗೆ ಹೇಳೇ ಇಲ್ವಲ್ಲಮ್ಮ" ಅಂದಳು.

"ಹೇಳೋದೇನಿದೆ? ಒಂದು ಹೊತ್ತಿನ ಮುದ್ದೆ" ಅಂದೆ. ದನಿ ನಡುಗಿತು. ಬೀಗಿತಿ ತಮ್ಮ ಊದಿದ ಬೆರಳುಗಳಿಂದ ನನ್ನ ಕೈ ಹಿಡಿದುಕೊಂಡರು.

ಕೆಲಸ ಬಿಡಬೇಡವೆಂದು ನಾನು ಮಗಳಿಗೆ ಉಪದೇಶ ಮಾಡಲಿಲ್ಲ. ಅದು ಅವಳು, ಅವಳ ಗಂಡ ಕೂತು ತೀರ್ಮಾನಿಸುವ ವಿಷಯ. ಬಿಟ್ಟರೆ ಬೇರೆ ಏನಾದರೂ ಕಾರಣಕ್ಕೆ ಬಿಡಲಿ. ರಾತ್ರಿಯೂಟದ ಕಾರಣಕ್ಕೆ ಬೇಡ. ಇಷ್ಟು ಮಾತ್ರ ಹೇಳಿದೆ.

ಮರಳಿ ಊರಿಗೆ

ಬರುವಾಗ ತೆಂಗಿನಕಾಯಿಯ ಚೀಲದಲ್ಲಿ ಐವತ್ತು ಖಡಕ್ ರೊಟ್ಟಿ ಬಂದವು. ತಿಪಟೂರಿಗೆ ಬಂದು ನೋಡಿದರೆ ನಮ್ಮ ಯಜಮಾನರು ಮೂರನೇ ದಿನಕ್ಕೇ ಹೋಟೆಲು ಬಿಟ್ಟಿದ್ದರು, ಹೊಟ್ಟೆಗೆ ಹಿಡಿಸದೆ. ದಿನಾ ರಾತ್ರಿ ತಾವೇ ಅನ್ನ ಮಾಡಿಕೊಂಡು ಮೊಸರು, ಉಪ್ಪಿನಕಾಯಿ. ಒಂದು ಪಾತ್ರೆಯ ತಳ ಕಪ್ಪಗಾಗಿ ಹಿತ್ತಿಲಲ್ಲಿ ನೆನೆದು ಕೂತಿತ್ತು! ನಾನು ಬೈಯಲಿಲ್ಲ. "ಪರವಾಗಿಲ್ಲ, ಕಲಿತಿದ್ದೀರಿ. ಇನ್ನು ಮೇಲೆ ಬುಧವಾರ ನಿಮ್ಮದು" ಅಂದೆ. ನಗುತ್ತಾರೇನೋ ಅಂದುಕೊಂಡರೆ, ತಲೆಯಾಡಿಸಿದರು. ನಲವತ್ತು ವರ್ಷ ತಡವಾದರೂ ಆ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು.

ಬಿಸಿ ಬಿಸಿ ಮುದ್ದೆ-ಸಾರು ನನಗೆ ಇಂದಿಗೂ ಪ್ರಾಣ. ಅದನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ಸಂಜೆ ಏಳಕ್ಕೆ ಬಸ್ಸಿಳಿದು ಬರುವವಳಿದ್ದರೆ, ಅವಳು ಬರುವ ಮುಂಚೆ ಅರ್ಧ ಅಡುಗೆ ಆಗಿರಲಿ. ಒಬ್ಬರು ಹೆಚ್ಚಿಡಲಿ, ಒಬ್ಬರು ಅಕ್ಕಿ ಇಡಲಿ, ಡಬ್ಬದಲ್ಲಿ ಒಂದು ಹಿಂಡಿ ಇರಲಿ. ಕೊಂಡ ರೊಟ್ಟಿಯಾದರೆ ಕೊಂಡದ್ದೇ ಇರಲಿ. ಅದನ್ನು ಅಟ್ಟದ ಮೇಲೆ ಬಚ್ಚಿಡುವ ಹಾಗೆ ಮಾತ್ರ ಮಾಡಬೇಡಿ.

ಈಗಲೂ ನಾನು ಮಗಳಿಗೆ ದಿನಾ ರಾತ್ರಿ ಫೋನು ಮಾಡುತ್ತೇನೆ. 'ಏನು ಅಡುಗೆ ಮಾಡಿದೆ?' ಎಂದು ಕೇಳುವುದಿಲ್ಲ. "ಊಟ ಆಯ್ತಾ?" ಎನ್ನುತ್ತೇನೆ.

"ಆಯ್ತಮ್ಮಾ, ಎಂಟು ಗಂಟೆಗೇ ಆಯ್ತು" ಎನ್ನುತ್ತಾಳೆ.